ಇಬ್ಬರು, 30 ಯೂರೊ, ಒಂದು ಸಂಜೆ: ಸ್ಪೇನಿನಲ್ಲಿ ತಾಪಾಸ್‌ಗೆ ಯಾವ ಊರು?

ಮೊದಲ ಸಲ ಸ್ಪೇನಿಗೆ ಹೋದಾಗ ನಾವು ಮಾಡಿದ ತಪ್ಪು ಒಂದೇ: ಕುರ್ಚಿ ಎಳೆದು ಕೂತೆವು. ಮ್ಯಾಡ್ರಿಡ್‌ನ ದೊಡ್ಡ ಚೌಕವೊಂದರಲ್ಲಿ ಛತ್ರಿಯ ನೆರಳಿತ್ತು, ಆರು ಭಾಷೆಗಳ ಮೆನುವಿನಲ್ಲಿ ಪ್ರತಿಯೊಂದು ತಿನಿಸಿನ ಬಣ್ಣದ ಚಿತ್ರವಿತ್ತು, ಒಳಗೆ ಕರೆದವನ ನಗೆಯೂ ಚೆನ್ನಾಗಿತ್ತು. ಒಂದು ಜಗ್ ಸಾಂಗ್ರಿಯಾ (ಹಣ್ಣು ಹೆಚ್ಚಿ ಹಾಕಿದ ಕೆಂಪು ವೈನ್), ಒಂದು ತಟ್ಟೆ ಕರಿದ ಆಲೂಗಡ್ಡೆ, ಒಂದು ತಟ್ಟೆ ಚೀಸ್, ಕೇಳದೆಯೇ ಬಂದ ಬ್ರೆಡ್. ಬಿಲ್ಲು 54 ಯೂರೊ. ನನ್ನ ಗಂಡ ಅದನ್ನು ರೂಪಾಯಿಗೆ ಪರಿವರ್ತಿಸಬಾರದು ಎಂದು ಶಪಥ ಮಾಡಿ, ಮರುಕ್ಷಣವೇ ಪರಿವರ್ತಿಸಿದರು. ಹಸಿವು ಮಾತ್ರ ಹಾಗೆಯೇ ಉಳಿದಿತ್ತು.

ಆಮೇಲೆ ಎರಡು ಸಲ ಹೋಗಿ ಬಂದಿದ್ದೇವೆ. ಎರಡೂ ಸಲ ಒಂದು ಕಟ್ಟುಪಾಡು ಹಾಕಿಕೊಂಡಿದ್ದೆವು: ಸಂಜೆಯ ತಾಪಾಸ್, ಅಂದರೆ ಲೋಟದ ಜೊತೆ ತಿನ್ನುವ ಪುಟ್ಟ ತಟ್ಟೆಯ ತಿನಿಸುಗಳು, ವೈನು ಎಲ್ಲ ಸೇರಿ ಇಬ್ಬರಿಗೆ 30 ಯೂರೊ. ಯೂರೊ ಒಂದಕ್ಕೆ ನೂರು ರೂಪಾಯಿಯ ಆಸುಪಾಸು ಎಂದು ಹಿಡಿಯಿರಿ. ಅದೇ 30 ಯೂರೊ ಗ್ರನಾಡಾದಲ್ಲಿ ಏನು ಕೊಡುತ್ತದೆ, ಹೆರೆಸ್‌ನಲ್ಲಿ ಏನು, ಸಾನ್ ಸೆಬಾಸ್ತಿಯಾನ್‌ನಲ್ಲಿ ಏನು ಎಂದು ಕೆಳಗೆ ಬರೆದಿದ್ದೇನೆ. ಬೆಲೆಗಳು ನಾವು ಕೊಟ್ಟು ಬಂದವು. ನೀವು ಹೋಗುವ ಹೊತ್ತಿಗೆ ಕೆಲವು ನಾಣ್ಯಗಳಷ್ಟು ಏರಿರಬಹುದು. ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಎಲ್ಲವನ್ನೂ ತಿನ್ನುತ್ತೇನೆ, ವೈನ್ ಇಷ್ಟ. ಗಂಡ ಸಸ್ಯಾಹಾರಿ, ವಿಮಾನ ಹತ್ತಿದ ಮೇಲೆ ಮೊಟ್ಟೆಗೆ ಮಾತ್ರ ರಿಯಾಯಿತಿ. ಅವರ ಕುಡಿತ ಒಂದು ಲೋಟಕ್ಕೆ ಮುಗಿಯುತ್ತದೆ. ಹೀಗಾಗಿ ಪ್ರತಿ ಊರಿಗೂ ನಮ್ಮ ಮನೆಯಲ್ಲಿ ಎರಡೆರಡು ತೀರ್ಪುಗಳಿವೆ.

ಮೊದಲು ಕಟ್ಟೆ, ಆಮೇಲೆ ಊರು

ಯಾವ ಊರಾದರೂ ಸರಿ, ಬಾರ್‌ನಲ್ಲಿ ಮೂರು ಜಾಗಗಳಿರುತ್ತವೆ. ಒಂದು ‘ಬಾರ್ರಾ’, ಅಂದರೆ ನಿಂತು ತಿನ್ನುವ ಕಟ್ಟೆ. ಎರಡನೆಯದು ಒಳಗಿನ ಮೇಜು. ಮೂರನೆಯದು ಬೀದಿಯಲ್ಲಿ ಹಾಕಿದ ಮೇಜು, ‘ತೆರ್ರಾಸಾ’. ಎಷ್ಟೋ ಕಡೆ ಅದೇ ಲೋಟ, ಅದೇ ತಟ್ಟೆಗೆ ಮೂರೂ ಜಾಗಗಳಲ್ಲಿ ಬೆಲೆ ಬೇರೆ. ಬೆಂಗಳೂರಿನ ಹೋಟೆಲುಗಳಲ್ಲಿ ಸ್ವಸಹಾಯಕ್ಕೆ ಒಂದು ದರ, ಎ.ಸಿ. ಕೋಣೆಗೆ ಇನ್ನೊಂದು ದರ ಬರೆದ ಫಲಕ ನೋಡಿದವರಿಗೆ ಇದು ಹೊಸದಲ್ಲ. ದರ್ಶಿನಿಯಲ್ಲಿ ಇಡ್ಲಿ ತಟ್ಟೆ ಹಿಡಿದು ಮೊಣಕೈ ಊರಲು ಒಂದಿಷ್ಟು ಜಾಗ ಹುಡುಕಿಕೊಳ್ಳಬಲ್ಲವರು ಸ್ಪೇನಿನ ಬಾರ್ರಾದಲ್ಲೂ ಬದುಕಿಕೊಳ್ಳುತ್ತಾರೆ.

ಮತ್ತೊಂದು ಅಳತೆಯ ವಿಷಯ. ‘ತಾಪಾ’ ಎಂದರೆ ಅಂಗೈಯಗಲದ ತಟ್ಟೆ. ‘ಮೇದಿಯಾ ರಸಿಯೋನ್’ ಅದರ ಎರಡು ಪಟ್ಟಿಗೂ ಹೆಚ್ಚು. ‘ರಸಿಯೋನ್’ ನಾಲ್ಕು ಜನ ಹಂಚಿಕೊಳ್ಳುವ ಪಾತ್ರೆ. ಬೀದಿ ಮೇಜುಗಳಲ್ಲಿ ಎಷ್ಟೋ ಸಲ ರಸಿಯೋನ್ ಮಾತ್ರ ಕೊಡುತ್ತಾರೆ. ತಾಪಾ ಬೇಕಿದ್ದರೆ ಒಳಗೆ ಹೋಗಿ ನಿಲ್ಲಬೇಕು. ನಮ್ಮ 54 ಯೂರೊ ಹೋದದ್ದು ಈ ದಾರಿಯಲ್ಲೇ.

ತಾಪಾ ಎಂಬ ಮಾತಿಗೆ ಮುಚ್ಚಳ ಎಂದರ್ಥ. ಲೋಟದ ಮೇಲೆ ನೊಣ ಕೂರದಂತೆ ಬ್ರೆಡ್ಡಿನ ತುಂಡನ್ನೋ ಮಾಂಸದ ಹಾಳೆಯನ್ನೋ ಮುಚ್ಚುತ್ತಿದ್ದರಂತೆ. ಇದಕ್ಕೆ ರಾಜರ ಕಥೆಗಳನ್ನೂ ಜೋಡಿಸುತ್ತಾರೆ, ಪ್ರತಿ ಊರಿನಲ್ಲೂ ಬೇರೆ ರಾಜ. ನನಗೆ ಇದಕ್ಕಿಂತ ಹತ್ತಿರವಾಗಿ ಕಾಣುವುದು ನಮ್ಮ ‘ನಂಜಿಕೊಳ್ಳುವುದು’ ಎಂಬ ಮಾತು. ನಾವು ಅನ್ನಕ್ಕೆ ಉಪ್ಪಿನಕಾಯಿ ನಂಜಿಕೊಂಡರೆ ಅವರು ವೈನಿಗೆ ಆಲಿವ್ ಕಾಯಿ ನಂಜಿಕೊಳ್ಳುತ್ತಾರೆ.

ಗ್ರನಾಡಾ: ಬಿಟ್ಟಿಯ ಬೆಲೆ

ಬಿಟ್ಟಿ ಸಿಕ್ಕಿದರೆ ನನಗೊಂದಿರಲಿ, ನಮ್ಮಪ್ಪನಿಗೂ ಒಂದಿರಲಿ ಎನ್ನುವವರಿಗೆ ಗ್ರನಾಡಾ ಸ್ವರ್ಗ. ಲೋಟ ತೆಗೆದುಕೊಂಡರೆ ತಾಪಾ ಉಚಿತ. ಪಕ್ಕದ ಅಲ್ಮೆರಿಯಾ, ಹಾಯೇನ್, ದೂರದ ಉತ್ತರದ ಲೆಯೋನ್ ನಗರಗಳಲ್ಲೂ ಈ ಪದ್ಧತಿ ಗಟ್ಟಿಯಾಗಿ ಉಳಿದಿದೆ. ಆದರೆ ಪ್ರವಾಸಿಗರು ಕೇಳಿ ಬರುವುದು ಗ್ರನಾಡಾದ ಹೆಸರನ್ನೇ. ಲೋಟ ಒಂದಕ್ಕೆ 3 ಯೂರೊ ಎಂದು ಹಿಡಿದರೆ ನಮ್ಮ ಮೂವತ್ತಕ್ಕೆ ಹತ್ತು ಲೋಟ, ಹತ್ತು ತಾಪಾ. ಹೊಟ್ಟೆ ತುಂಬುತ್ತದೆ, ತಲೆಯೂ ತಿರುಗುತ್ತದೆ. ಬುದ್ಧಿವಂತರು ಎರಡು ಸುತ್ತು ವೈನ್ ಮುಗಿಸಿ ಮೂರನೆಯ ಸುತ್ತಿಗೆ ‘ಮೋಸ್ತೊ’ ಕೇಳುತ್ತಾರೆ. ಅದು ಹುದುಗಿಸದ ದ್ರಾಕ್ಷಿ ರಸ. ಅದಕ್ಕೂ ತಾಪಾ ಬರುತ್ತದೆ. ಕಾಫಿಗೆ ಬರುವುದಿಲ್ಲ.

ಕೊರತೆ ಏನೆಂದರೆ, ಬಹಳಷ್ಟು ಕಡೆ ಏನು ಬರಬೇಕೆಂದು ನಿರ್ಧರಿಸುವುದು ಅಡುಗೆಮನೆ, ನೀವಲ್ಲ. ಮೊದಲ ಸುತ್ತಿಗೆ ಹಂದಿಮಾಂಸದ ಪುಟ್ಟ ಬನ್ನು, ಎರಡನೆಯದಕ್ಕೆ ಕರಿದ ಮೀನು, ಮೂರನೆಯದಕ್ಕೆ ಮತ್ತೇನೋ. ಒಂದೇ ಬಾರ್‌ನಲ್ಲಿ ಸುತ್ತು ಹೆಚ್ಚಿದಂತೆ ತಾಪಾ ಉತ್ತಮವಾಗುತ್ತ ಹೋಗುವುದೂ ಉಂಟು. ಗಂಡನ ಪಾಲಿಗೆ ಮೊದಲ ಎರಡು ಬಾರ್‌ಗಳಲ್ಲಿ ಸಿಕ್ಕಿದ್ದು ಬ್ರೆಡ್ಡು ಮತ್ತು ಸಹಾನುಭೂತಿ. ಮೂರನೆಯದರಲ್ಲಿ ಆಯ್ಕೆಯ ಪಟ್ಟಿ ಇತ್ತು. ಸಸ್ಯಾಹಾರಿಗಳು ಗ್ರನಾಡಾಕ್ಕೆ ಹೋದರೆ ಇಂಥ ಪಟ್ಟಿ ಇರುವ ಬಾರ್‌ಗಳನ್ನೇ ಹುಡುಕಬೇಕು. ಇಲ್ಲದಿದ್ದರೆ ಬಿಟ್ಟಿ ಎಂಬುದು ಎದುರಿಗೆ ಕೂತವರ ತಟ್ಟೆಗೆ ಮಾತ್ರ.

ಅಲ್ಲಿ ದುಡ್ಡು ಕೊಟ್ಟು ತಿನ್ನಬೇಕಾದ ಒಂದು ತಿನಿಸು ಇದೆ: ತೆಳ್ಳಗೆ ಹೆಚ್ಚಿ ಗರಿಗರಿಯಾಗಿ ಕರಿದ ಬದನೆಕಾಯಿಯ ಮೇಲೆ ‘ಮಿಯೆಲ್ ದೆ ಕಾನ್ಯಾ’ ಸುರಿದದ್ದು. ಹೆಸರಿನಲ್ಲಿ ಜೇನು ಇದ್ದರೂ ಇದು ಕಬ್ಬಿನ ಹಾಲು ಕಾಯಿಸಿ ಮಾಡಿದ ಕಪ್ಪು ಪಾಕ. ನಾಲಿಗೆಗೆ ತಾಕಿದ ಕೂಡಲೇ ಜೋನಿಬೆಲ್ಲ ಎಂದು ಗುರುತು ಹಿಡಿಯುತ್ತೀರಿ. ಅರಬರ ಆಳ್ವಿಕೆಯಲ್ಲಿ ಬಂದ ಕಬ್ಬು ಗ್ರನಾಡಾದ ದಕ್ಷಿಣಕ್ಕಿರುವ ಕರಾವಳಿಯಲ್ಲಿ ಶತಮಾನಗಳ ಕಾಲ ಬೆಳೆದಿದೆ. ಬದನೆಕಾಯಿಗೆ ಜೋನಿಬೆಲ್ಲ ಹಾಕಬಹುದೆಂದು ಮಲೆನಾಡಿನ ನನ್ನ ಅತ್ತೆಗೂ ಹೊಳೆದಿರಲಿಲ್ಲ.

ವೈನಿನ ದೃಷ್ಟಿಯಿಂದ ಗ್ರನಾಡಾ ಸಾಧಾರಣ. ಅಲ್ಲಿನ ಬಾರ್‌ಗಳಲ್ಲಿ ಹೆಚ್ಚು ಜನ ಬಿಯರ್ ಕುಡಿಯುತ್ತಾರೆ. ಉಚಿತ ತಾಪಾದ ಜೊತೆ ಬರುವ ಮನೆಯ ವೈನ್ ಕೆಲವೊಮ್ಮೆ ವಿನೆಗರಿನ ನೆರೆಮನೆ. ತಿನ್ನಲು ಗ್ರನಾಡಾ, ಕುಡಿಯಲು ಮುಂದಿನ ಊರು.

ಹೆರೆಸ್: ಜಗತ್ತು ಮರೆತ ಅಗ್ಗ

ಕಡಿಮೆ ದುಡ್ಡಿಗೆ ಅತ್ಯುತ್ತಮ ವೈನ್ ಎಲ್ಲಿ ಸಿಗುತ್ತದೆ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರಕ್ಕೆ ತಡವಾಗುವುದಿಲ್ಲ. ದಕ್ಷಿಣ ಸ್ಪೇನಿನ ಆಂದಲೂಸಿಯಾ ಪ್ರಾಂತ್ಯದ ಹೆರೆಸ್ ದೆ ಲಾ ಫ್ರೊಂತೇರಾ. ಇಂಗ್ಲಿಷರ ಬಾಯಲ್ಲಿ ಈ ಊರಿನ ಹೆಸರೇ ಶೆರ್ರಿ ಆಯಿತು. ಹೆರೆಸ್, ಎಲ್ ಪುಯೆರ್ತೊ ದೆ ಸಾಂತಾ ಮರಿಯಾ, ಸಾನ್‌ಲೂಕರ್ ದೆ ಬರ್ರಾಮೇದಾ, ಈ ಮೂರು ಊರುಗಳ ನಡುವಿನ ತ್ರಿಕೋನವೇ ಶೆರ್ರಿಯ ಮನೆ. ಶೆರ್ರಿ ಎಂದರೆ ಕ್ರಿಸ್‌ಮಸ್‌ಗೆ ಅಜ್ಜಿಯರು ಕುಡಿಯುವ ಸಿಹಿ ಪಾನೀಯ ಎಂಬ ಕಲ್ಪನೆ ಹೊರಗೆ ಬಲವಾಗಿ ಬೇರೂರಿಬಿಟ್ಟಿದೆ. ಹಾಗಾಗಿ ಬೇಡಿಕೆ ಕುಸಿಯಿತು, ಬೆಲೆ ಮೇಲೇಳಲಿಲ್ಲ. ಕುಡಿಯುವವರಿಗೆ ಅದೇ ಲಾಭ.

ಫಿನೊ ಎಂಬ ಬಗೆ ಎಳ್ಳಷ್ಟೂ ಸಿಹಿಯಿಲ್ಲದ್ದು. ಪೀಪಾಯಿಯನ್ನು ಪೂರ್ತಿ ತುಂಬದೆ ಮೇಲೆ ಒಂದಿಷ್ಟು ಖಾಲಿ ಬಿಡುತ್ತಾರೆ. ವೈನಿನ ಮೇಲ್ಮೈಯಲ್ಲಿ ಯೀಸ್ಟು ಬಿಳಿ ಪದರವಾಗಿ ಹರಡಿಕೊಳ್ಳುತ್ತದೆ. ಅದಕ್ಕೆ ‘ಫ್ಲೋರ್’, ಹೂವು ಎಂದು ಹೆಸರು. ನಮ್ಮ ಭರಣಿಯಲ್ಲಿ ಹಾಗೆ ಬಿಳಿ ಕಟ್ಟಿದರೆ ಉಪ್ಪಿನಕಾಯಿ ಕೆಟ್ಟಿತೆಂದು ಮನೆಯಲ್ಲಿ ಗಲಾಟೆಯಾಗುತ್ತದೆ. ಅವರು ಆ ಪದರವನ್ನು ಮಗುವಿನಂತೆ ಕಾಪಾಡುತ್ತಾರೆ, ಏಕೆಂದರೆ ಗಾಳಿ ತಾಗದಂತೆ ವೈನನ್ನು ಮುಚ್ಚಿಡುವುದು ಅದೇ. ಇನ್ನು ಅವರ ‘ಸೊಲೆರಾ’ ಪದ್ಧತಿ ಹೆಪ್ಪು ಹಾಕುವವರಿಗೆ ಥಟ್ಟನೆ ಅರ್ಥವಾಗುತ್ತದೆ. ಹಳೆಯ ಪೀಪಾಯಿಯಿಂದ ಒಂದು ಪಾಲು ಮಾತ್ರ ತೆಗೆದು, ತೆಗೆದಷ್ಟನ್ನು ಅದಕ್ಕಿಂತ ಎಳೆಯ ವೈನಿನಿಂದ ತುಂಬುತ್ತಾರೆ; ಎಳೆಯದಕ್ಕೆ ಇನ್ನೂ ಎಳೆಯದು. ನಿನ್ನೆಯ ಮೊಸರು ಇವತ್ತಿನ ಹಾಲಿಗೆ ತನ್ನ ಗುಣ ಕೊಟ್ಟಂತೆ ಹಳೆಯದು ಹೊಸದನ್ನು ತಿದ್ದುತ್ತದೆ. ಪೀಪಾಯಿ ಎಂದೂ ಬರಿದಾಗುವುದಿಲ್ಲ, ಬಾಟಲಿಯ ಮೇಲೆ ಸಾಮಾನ್ಯವಾಗಿ ಇಸವಿಯೂ ಇರುವುದಿಲ್ಲ.

ಇದನ್ನು ಕುಡಿಯಬೇಕಾದ ಜಾಗ ‘ತಬಾಂಕೊ’. ಸಾರಾಯಿ ಅಂಗಡಿಗೂ ಬಾರಿಗೂ ನಡುವಿನ ಹಳೆಯ ಕಾಲದ ವೈನಿನ ಮಳಿಗೆ. ಗೋಡೆಗೆ ಒರಗಿದ ಕಪ್ಪು ಪೀಪಾಯಿಗಳು, ಅವುಗಳಿಂದಲೇ ನೇರ ಲೋಟಕ್ಕೆ. ಕೆಲವು ಕಡೆ ಸಂಜೆ ಮೂಲೆಯಲ್ಲಿ ಒಬ್ಬ ಗಿಟಾರಿನವನು, ಒಬ್ಬ ಹಾಡುಗಾರ, ಫ್ಲಮೆಂಕೊ. ಫಿನೊ ಲೋಟಕ್ಕೆ ನಾವು ಕೊಟ್ಟದ್ದು 2 ಯೂರೊಗಿಂತ ಕಡಿಮೆ. ನಾನು ಮೂರು ಲೋಟ ಮುಗಿಸಿದೆ: ಮೊದಲು ಫಿನೊ, ಆಮೇಲೆ ಬಾದಾಮಿಯ ಕಂಪಿನ ಅಮೊಂತಿಯಾದೊ, ಕೊನೆಗೆ ಆಕ್ರೋಟಿನ ಬಣ್ಣದ ಒಲೊರೊಸೊ. ಗಂಡನಿಗೆ ಪೆದ್ರೊ ಹಿಮೇನೆಸ್ ಕೊಡಿಸಿದೆ. ಬಿಸಿಲಿನಲ್ಲಿ ಒಣಗಿಸಿದ ದ್ರಾಕ್ಷಿಯಿಂದ ಮಾಡುವ ಅದು ಪಾನಕಕ್ಕಿಂತ ಗಟ್ಟಿ, ಚಮಚದಲ್ಲಿ ತಿನ್ನಬಹುದು. ‘ಖರ್ಜೂರದ ಪಾಯಸ’ ಎಂದರು. ಇಡೀ ಪ್ರವಾಸದಲ್ಲಿ ಅವರು ಎರಡನೆಯ ಲೋಟ ಕೇಳಿದ್ದು ಅದೊಂದನ್ನೇ.

ತಿನ್ನಲು ಸರಳ ವಸ್ತುಗಳು. ಆಲಿವ್ ಕಾಯಿ, ಗ್ರಸಲೇಮಾ ಬೆಟ್ಟದ ಕಡೆಯ ಪಯೋಯೊ ಆಡಿನ ಚೀಸ್, ‘ಪಾಪಾಸ್ ಅಲಿನ್ಯಾಸ್’ ಎಂಬ ಆಲೂಗಡ್ಡೆ: ಬೇಯಿಸಿದ್ದಕ್ಕೆ ಈರುಳ್ಳಿ, ಪಾರ್ಸ್ಲಿ, ಶೆರ್ರಿ ವಿನೆಗರ್, ಕೈತುಂಬ ಆಲಿವ್ ಎಣ್ಣೆ. ಕೆಲವರು ಮೇಲೆ ಟ್ಯೂನಾ ಮೀನು ಉದುರಿಸುತ್ತಾರೆ, ಮೊದಲೇ ಬೇಡವೆನ್ನಿ. 30 ಯೂರೊ ಇಟ್ಟುಕೊಂಡು ಹೋದವರು 22ಕ್ಕೆ ಮುಗಿಸಿ ಬಂದೆವು. ಆದರೆ ಫಿನೊ 15 ಶೇಕಡ ಮದ್ಯಸಾರದ್ದು, ಮಾಮೂಲಿ ವೈನಿಗಿಂತ ತೀಕ್ಷ್ಣ. ಲೋಟ ಪುಟ್ಟದಾಗಿರುವುದಕ್ಕೆ ಕಾರಣವಿದೆ.

ಹೆರೆಸ್‌ವರೆಗೆ ಹೋಗಲಾಗದವರಿಗೆ ಕೋರ್ದೊಬಾ ಇದೆ. ಅಲ್ಲಿನ ಮೊಂತಿಯಾ-ಮೊರಿಲೆಸ್ ವೈನು ಶೆರ್ರಿಯ ಸೋದರಸಂಬಂಧಿ. ಬಿಸಿಲಿನ ಝಳಕ್ಕೆ ದ್ರಾಕ್ಷಿ ಎಷ್ಟು ಸಿಹಿಯಾಗುತ್ತದೆಂದರೆ ಹೊರಗಿನಿಂದ ಮದ್ಯಸಾರ ಬೆರೆಸದೆಯೇ 15ರ ಮಟ್ಟ ಮುಟ್ಟುತ್ತದೆ. ಕಟ್ಟೆಯಲ್ಲಿ ‘ಉನ್ ಮೇದಿಯೊ’ ಎಂದರೆ ಸಾಕು, ಅದರ ಒಂದು ಲೋಟ ಬರುತ್ತದೆ.

ಸೆವಿಯಾ, ಬಾರ್ಸಿಲೋನಾ, ಮ್ಯಾಡ್ರಿಡ್: ಬೇಗ ಮುಗಿಸುತ್ತೇನೆ

ಮೂರೂ ದೊಡ್ಡ ಊರುಗಳು. ವಿಮಾನ, ರೈಲು ಹೇಗೂ ಇವುಗಳ ಮೂಲಕವೇ. ಸಸ್ಯಾಹಾರಿಗಳಿಗೆ ಈ ಮೂರರಲ್ಲಿ ಸೆವಿಯಾ ಮೇಲು. ಪಾಲಕ್ ಸೊಪ್ಪು, ಕಾಬೂಲಿ ಕಡಲೆ, ಜೀರಿಗೆ, ಬೆಳ್ಳುಳ್ಳಿ ಹಾಕಿದ ‘ಎಸ್ಪಿನಾಕಾಸ್ ಕೊನ್ ಗರ್ಬಾನ್ಸೊಸ್’ ಊರಿನ ತಾಪಾ. ಬಾಯಿಗಿಟ್ಟರೆ ಮನೆಯ ಪಲ್ಯದ ನೆನಪು, ಜೀರಿಗೆಯಿಂದಾಗಿ. 1670ರಿಂದ ನಡೆಯುತ್ತಿರುವ ಎಲ್ ರಿಂಕೊನ್ಸಿಯೊ ಎಂಬ ಬಾರ್‌ನಲ್ಲಿ ಇದನ್ನು ತಿಂದೆವು. ಲೆಕ್ಕವನ್ನು ಮರದ ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಹಣ ಕೊಟ್ಟ ಮೇಲೆ ಬಟ್ಟೆಯಲ್ಲಿ ಒರೆಸಿದರು. 28 ಯೂರೊಗೆ ನಾಲ್ಕು ತಾಪಾ, ನಾಲ್ಕು ಲೋಟ. ಟೊಮೆಟೊ, ಬ್ರೆಡ್ಡು ಅರೆದು ಮಾಡಿದ ತಣ್ಣನೆಯ ‘ಸಾಲ್ಮೊರೇಹೊ’ ನೋಡಲು ಸಸ್ಯಾಹಾರದಂತೆ ಕಾಣುತ್ತದೆ, ಆದರೆ ಮೇಲೆ ಮೊಟ್ಟೆಯ ಜೊತೆ ಹಂದಿಮಾಂಸದ ಚೂರು ಉದುರಿಸುವುದು ವಾಡಿಕೆ.

ಬಾರ್ಸಿಲೋನಾ ಮೂಲತಃ ತಾಪಾಸ್ ಊರಲ್ಲ. ರಾಂಬ್ಲಾ ಬೀದಿಯಲ್ಲಿ ಬಕೆಟ್ಟಿನಂಥ ಲೋಟಗಳಲ್ಲಿ ಬಣ್ಣದ ಸಾಂಗ್ರಿಯಾ ಕುಡಿಯುವವರನ್ನು ದೂರದಿಂದ ನೋಡಿ ಮುಂದೆ ನಡೆಯಿರಿ. ಪೊಬ್ಲೆ-ಸೆಕ್ ಬಡಾವಣೆಯ ಕಾರೆರ್ ದೆ ಬ್ಲಾಯ್ ಬೀದಿಯಲ್ಲಿ ಬ್ರೆಡ್ಡಿನ ಮೇಲೆ ಕಡ್ಡಿ ಚುಚ್ಚಿದ ಪಿಂಚೊಗಳು ಒಂದೂವರೆ, ಎರಡು ಯೂರೊಗೆ ಸಿಗುತ್ತವೆ. ಕೊನೆಗೆ ತಟ್ಟೆಯಲ್ಲಿ ಉಳಿದ ಕಡ್ಡಿಗಳನ್ನು ಎಣಿಸುತ್ತಾರೆ. ರುಚಿ ಪರವಾಗಿಲ್ಲ, ಅಷ್ಟೆ. ಬಾರ್ಸಿಲೋನಾದಲ್ಲಿ ಕುಡಿಯಬೇಕಾದದ್ದು ಕಾವಾ. ಹತ್ತಿರದ ಪೆನೆದೆಸ್ ಪ್ರಾಂತ್ಯದಲ್ಲಿ ಶಾಂಪೇನಿನ ವಿಧಾನದಲ್ಲೇ, ಬಾಟಲಿಯೊಳಗೇ ಎರಡನೆಯ ಸಲ ಹುದುಗಿಸಿ ಮಾಡುವ ನೊರೆವೈನ್. ಶಾಂಪೇನಿನ ಒಂದು ಲೋಟದ ದುಡ್ಡಿಗೆ ಅಂಗಡಿಯಲ್ಲಿ ಕಾವಾದ ಇಡೀ ಬಾಟಲಿ ಬರುತ್ತದೆ.

ಮ್ಯಾಡ್ರಿಡ್‌ನಲ್ಲಿ ಲಾ ಲತೀನಾ ಬಡಾವಣೆಯ ಕಾವಾ ಬಾಹಾ ಬೀದಿ, ಭಾನುವಾರ ಎಲ್ ರಾಸ್ತ್ರೊ ಸಂತೆ ಮುಗಿದ ಮೇಲೆ, ಒಂದು ಅನುಭವ. ಭುಜಕ್ಕೆ ಭುಜ ತಾಗುವ ಜನಜಂಗುಳಿ. ನಲ್ಲಿಯಿಂದ ಇಳಿಸುವ, ಗಿಡಮೂಲಿಕೆಗಳ ಘಮದ ವೆರ್ಮುತ್ ವೈನ್, ಜೊತೆಗೆ ನಾಲ್ಕು ಆಲಿವ್ ಕಾಯಿ. ಗಾಜು, ಕಬ್ಬಿಣದ ಸುಂದರ ಸಾನ್ ಮಿಗೆಲ್ ಮಾರುಕಟ್ಟೆಯನ್ನು ಕಣ್ಣಾರೆ ನೋಡಿ, ಅಲ್ಲಿ ತಿಂದರೆ ಕೈ ಕಚ್ಚುತ್ತದೆ.

ಸಾನ್ ಸೆಬಾಸ್ತಿಯಾನೋ, ಲೊಗ್ರೊನ್ಯೊವೋ

ಉತ್ತರಕ್ಕೆ ಹೋಗುವವರ ನಿಜವಾದ ಗೊಂದಲ ಇದು. ಎರಡೂ ಊರುಗಳಲ್ಲಿ ತಿನಿಸು ಪಿಂಚೊ, ಎರಡೂ ಕಡೆ ಬಾರ್‌ನಿಂದ ಬಾರ್‌ಗೆ ಅಲೆಯುವ ಪದ್ಧತಿ. ಬಸ್ಸಿನಲ್ಲಿ ಎರಡೂವರೆ ಗಂಟೆಯ ಆಸುಪಾಸಿನ ಅಂತರ.

ಬಾಸ್ಕ್ ನಾಡಿನ ಸಾನ್ ಸೆಬಾಸ್ತಿಯಾನ್‌ನಲ್ಲಿ ಕಡಲು, ಮಳೆ, ಹಳೆಯ ಪಟ್ಟಣದ ಕಿರುಬೀದಿಗಳು, ಕಟ್ಟೆಯ ಮೇಲೆ ಒಡವೆ ಅಂಗಡಿಯಂತೆ ಜೋಡಿಸಿಟ್ಟ ಪಿಂಚೊಗಳು. ಅಡುಗೆಯ ಕುಶಲತೆಯಲ್ಲಿ ಇದಕ್ಕೆ ಸಾಟಿಯಿಲ್ಲ, ಒಪ್ಪುತ್ತೇನೆ. ಆಲಿವ್, ವಿನೆಗರಿನಲ್ಲಿ ಹಾಕಿದ ಉದ್ದ ಹಸಿಮೆಣಸು, ಆಂಚೊವಿ ಮೀನು ಮೂರನ್ನೂ ಒಂದು ಕಡ್ಡಿಗೆ ಪೋಣಿಸಿದ ‘ಹಿಲ್ದಾ’ ಒಂದೇ ತುತ್ತಿಗೆ ಉಪ್ಪು, ಹುಳಿ, ಖಾರ ಮೂರನ್ನೂ ಮುಗಿಸುತ್ತದೆ. ಜೊತೆಗೆ ಮೊಳದೆತ್ತರದಿಂದ ಲೋಟಕ್ಕೆ ಸುರಿಯುವ, ನಾಲಿಗೆ ಚುರುಗುಟ್ಟಿಸುವ ಚಾಕೊಲಿ ವೈನ್. ಕಟ್ಟೆಯ ಮೇಲಿನ ತಣ್ಣನೆಯ ಪಿಂಚೊಗಳಿಗೆ ಮರುಳಾಗದೆ ಕರಿಹಲಗೆಯ ಮೇಲೆ ಬರೆದ ಬಿಸಿ ಪಿಂಚೊಗಳನ್ನು ಕೇಳಿ ಮಾಡಿಸಿಕೊಳ್ಳಬೇಕು. ಅಲ್ಲಿನವರು ಮಾಡುವುದೂ ಅದನ್ನೇ. ಆದರೆ ಪಿಂಚೊ 4 ಯೂರೊ, ಚಾಕೊಲಿ 3. ನಾಲ್ಕು ಪಿಂಚೊ, ನಾಲ್ಕು ಲೋಟಕ್ಕೆ 28 ಯೂರೊ ಕರಗಿತು. ನಾವು ಆಗತಾನೇ ಹಸಿವನ್ನು ಎಬ್ಬಿಸಿದ್ದೆವು. ದುಡ್ಡು ಉಳಿಸಬೇಕಿದ್ದರೆ ಗುರುವಾರ ಸಂಜೆ ಗ್ರೋಸ್ ಬಡಾವಣೆಗೆ ಹೋಗಿ. ಅಂದು ‘ಪಿಂಚೊ-ಪೊತೆ’: ಲೋಟ ಮತ್ತು ಪಿಂಚೊ ಸೇರಿಸಿ ಇಳಿಸಿದ ದರ. ಊರಿನ ವಿದ್ಯಾರ್ಥಿಗಳೆಲ್ಲ ಬೀದಿಯಲ್ಲಿರುತ್ತಾರೆ.

ಲೊಗ್ರೊನ್ಯೊ ರಿಯೊಹಾ ವೈನ್ ಪ್ರಾಂತ್ಯದ ರಾಜಧಾನಿ. ಚಿತ್ರಪಟದಲ್ಲಿ ತೋರಿಸಲು ಕಡಲಿಲ್ಲ, ಅರಮನೆಯಿಲ್ಲ. ಇರುವುದು ಕಾಯೆ ಲೌರೆಲ್ ಎಂಬ ಒಂದು ಗಲ್ಲಿ. ಅದರಲ್ಲಿ ಮತ್ತು ಅದಕ್ಕೆ ಅಂಟಿಕೊಂಡ ಓಣಿಗಳಲ್ಲಿ ಬಾಗಿಲಿಗೊಂದು ಬಾರ್. ಊರಿನವರು ಇದನ್ನು ‘ಆನೆಗಳ ದಾರಿ’ ಎನ್ನುತ್ತಾರೆ. ಅವರ ಭಾಷೆಯಲ್ಲಿ ಸೊಂಡಿಲಿಗೂ ಕುಡಿದ ಅಮಲಿಗೂ ಒಂದೇ ಪದ. ಇಲ್ಲಿನ ಚಂದವೆಂದರೆ ಬಾರ್‌ಗೆ ಒಂದೇ ತಿನಿಸು, ಅಥವಾ ಆ ಒಂದಕ್ಕೇ ಹೆಸರು. ಒಬ್ಬ ಅಣಬೆ, ಒಬ್ಬ ಆಲೂಗಡ್ಡೆ, ಒಬ್ಬ ಕುರಿಮಾಂಸದ ಕಡ್ಡಿ, ಒಬ್ಬ ತೋರ್ತಿಯಾ ಎಂಬ ಆಲೂಗಡ್ಡೆಯ ಆಮ್ಲೆಟ್. ವಿದ್ಯಾರ್ಥಿ ಭವನಕ್ಕೆ ದೋಸೆಗೆಂದೇ ಹೋಗುವಂತೆ. ಮೂವತ್ತು ವರ್ಷ ಒಂದೇ ಅಣಬೆ ಹುರಿದವನ ಕೈಗೆ ಬರುವ ಹದ ನೂರು ತಿನಿಸು ಮಾಡುವವನಿಗೆ ಬರುವುದಿಲ್ಲ. ಒಂದೇ ಸಾಮಾನು ತರುವುದರಿಂದ ಬೆಲೆಯೂ ಹಿಡಿತದಲ್ಲಿರುತ್ತದೆ ಎಂಬುದು ನನ್ನ ಊಹೆ.

ಪಿಂಚೊ ಎರಡೂವರೆ, ಪೀಪಾಯಿಯಲ್ಲಿ ಮಾಗಿಸಿದ ಕ್ರಿಯಾನ್ಸಾ ವೈನ್ ಎರಡೂವರೆ. ತಲೆಗೆ ಮೂರು ಬಾರ್, ಮೂರು ಪಿಂಚೊ, ಮೂರು ಲೋಟ: ಸರಿಯಾಗಿ 30. ಗಂಡ ಎರಡು ಸುತ್ತಿಗೆ ನೀರು ಕುಡಿದದ್ದರಿಂದ ನಾಲ್ಕನೆಯ ಬಾರ್ ಕೂಡ ದಕ್ಕಿತು. ಸಾನ್ ಸೆಬಾಸ್ತಿಯಾನ್‌ನಲ್ಲಿ ಈ ಮಟ್ಟದ ಕೆಂಪು ವೈನನ್ನು ಈ ದರಕ್ಕೆ ನಿರೀಕ್ಷಿಸಬೇಡಿ. ಲೌರೆಲ್‌ನಲ್ಲಿ ಶನಿವಾರ ಕಾಲಿಡಲು ಜಾಗವಿರುವುದಿಲ್ಲ. ನಾಲ್ಕು ಹೆಜ್ಜೆ ದೂರದ ಕಾಯೆ ಸಾನ್ ಹುವಾನ್ ಬೀದಿ ಅಷ್ಟೇ ರುಚಿ, ಗದ್ದಲ ಕಡಿಮೆ. ಸೆಪ್ಟೆಂಬರಿನ ಕೊನೆಯ ಭಾಗದಲ್ಲಿ ದ್ರಾಕ್ಷಿ ಕೊಯ್ಲಿನ ಸಾನ್ ಮತೇಯೊ ಹಬ್ಬ ಬರುತ್ತದೆ. ಆಗ ಕೊಠಡಿ ಬಾಡಿಗೆ ಏರಿಬಿಡುತ್ತದೆ, ಬಾರ್‌ನಲ್ಲಿ ಉಳಿಸಿದ್ದನ್ನು ಹೋಟೆಲಿಗೆ ಕಟ್ಟಬೇಕಾದೀತು.

ಮಧ್ಯಾಹ್ನ ಕೂತು ಉಣ್ಣುವವರಿಗೆ

ಇದುವರೆಗೆ ನಿಲ್ಲಿ, ಕೂರಬೇಡಿ ಎಂದೆ. ಇದಕ್ಕೆ ದೊಡ್ಡ ಅಪವಾದ ‘ಮೆನು ದೆಲ್ ದಿಯಾ’. ಸೋಮವಾರದಿಂದ ಶುಕ್ರವಾರ, ಮಧ್ಯಾಹ್ನ ಮಾತ್ರ. 1960ರ ದಶಕದಲ್ಲಿ, ಫ್ರಾಂಕೊ ಆಡಳಿತದಲ್ಲಿ, ಪ್ರವಾಸಿಗರಿಗಾಗಿ ನಿಗದಿತ ದರದ ಊಟ ಕೊಡಬೇಕೆಂದು ಸರಕಾರ ಕಟ್ಟಳೆ ಮಾಡಿತು. ಈಗ ಅದನ್ನು ಉಣ್ಣುವವರು ಕಚೇರಿ ಕೆಲಸದವರು, ಗಾರೆ ಕೆಲಸದವರು, ಲಾರಿ ಚಾಲಕರು. ಮೊದಲ ತಟ್ಟೆ, ಎರಡನೆಯ ತಟ್ಟೆ, ಸಿಹಿ ಅಥವಾ ಕಾಫಿ, ಬ್ರೆಡ್ಡು, ಮತ್ತು ವೈನ್. ಎಲ್ಲ ಸೇರಿ 13ರಿಂದ 16 ಯೂರೊ. ನಮ್ಮ ‘ಮಿನಿ ಮೀಲ್ಸ್’ ಫಲಕದಂತೆ ಬಾಗಿಲಲ್ಲೇ ಕರಿಹಲಗೆ. ಸಣ್ಣ ಊರುಗಳಲ್ಲಿ ಇಬ್ಬರಿಗೆ ಇಡೀ ಬಾಟಲಿಯನ್ನೇ ಮೇಜಿನ ಮೇಲೆ ಕುಕ್ಕಿ ಹೋಗುತ್ತಾರೆ, ಜೊತೆಗೆ ಬೆರೆಸಿಕೊಳ್ಳಲು ‘ಗಸಿಯೋಸಾ’ ಎಂಬ ಸೋಡಾ. ಹಾಗೆ ಬೆರೆಸಿದ್ದೇ ‘ತಿಂತೊ ದೆ ವೆರಾನೊ’, ಬೇಸಿಗೆಯ ಕೆಂಪು. ಸ್ಪೇನಿನವರು ಬಾರ್‌ನಲ್ಲಿ ಕೇಳುವುದು ಇದನ್ನು. ಸಾಂಗ್ರಿಯಾದ ಜಗ್ಗು ಹೆಚ್ಚಾಗಿ ಹೋಗುವುದು ನಮ್ಮಂಥವರ ಮೇಜಿಗೆ.

ಅಂದರೆ ಅದೇ 30 ಯೂರೊ ಮಧ್ಯಾಹ್ನ ಎರಡು ಗಂಟೆಗೆ ಇಬ್ಬರಿಗೆ ಭರ್ತಿ ಊಟ, ವೈನು ಎರಡನ್ನೂ ಕೊಡುತ್ತದೆ. ರಾತ್ರಿ ಎಂಟಕ್ಕೆ ಕೊಡುವುದಿಲ್ಲ. ದುಡ್ಡು ನಿಜಕ್ಕೂ ಬಿಗಿಯಾಗಿದ್ದರೆ ಮಧ್ಯಾಹ್ನ ಹೀಗೆ ಉಂಡು, ರಾತ್ರಿ ಒಂದೇ ಬಾರ್‌ನಲ್ಲಿ ಒಂದು ಲೋಟ, ಒಂದು ತಾಪಾಕ್ಕೆ ನಿಲ್ಲಿಸಿ. ಸಸ್ಯಾಹಾರಿಗಳು ‘ದೋಸ್ ಪ್ರಿಮೇರೊಸ್’, ಎರಡೂ ಮೊದಲ ತಟ್ಟೆಗಳೇ ಇರಲಿ ಎಂದು ಕೇಳಬಹುದು. ತರಕಾರಿ ಇರುವುದು ಆ ಪಟ್ಟಿಯಲ್ಲೇ. ಬೇಳೆ ಕಂಡ ಕೂಡಲೇ ಹಿಗ್ಗಬೇಡಿ. ಅವರ ‘ಲೆಂತೇಹಾಸ್’ ಸಾರಿನ ತಳದಲ್ಲಿ ಚೋರಿಸೊ ಹಂದಿಮಾಂಸ ಮುಳುಗಿ ಕೂತಿರುತ್ತದೆ.

ಲೋಟಕ್ಕೆ ಏನು ಕೇಳುವುದು

ಬಾರ್‌ನಲ್ಲಿ ಬರೀ ‘ವಿನೊ ತಿಂತೊ’ ಎಂದರೆ ತೆರೆದಿಟ್ಟ ಅತಿ ಅಗ್ಗದ ಬಾಟಲಿ ಬರುತ್ತದೆ. ಐವತ್ತು ಸೆಂಟು ಹೆಚ್ಚು ಕೊಟ್ಟು ‘ಉನ್ ಕ್ರಿಯಾನ್ಸಾ’ ಎನ್ನಿ. ನನ್ನ ಅನುಭವದಲ್ಲಿ ಸ್ಪೇನಿನಲ್ಲಿ ಖರ್ಚು ಮಾಡಬಹುದಾದ ಅತ್ಯುತ್ತಮ ಐವತ್ತು ಸೆಂಟು ಇದು. ರಿಯೊಹಾದ ಕೆಂಪು ವೈನಿಗೆ ಕ್ರಿಯಾನ್ಸಾ ಎಂಬ ಹೆಸರು ಸಿಗಬೇಕಾದರೆ ಒಟ್ಟು ಎರಡು ವರ್ಷ ಮಾಗಿರಬೇಕು, ಅದರಲ್ಲಿ ಕನಿಷ್ಠ ಒಂದು ವರ್ಷ ಓಕ್ ಪೀಪಾಯಿಯಲ್ಲಿ. ರೆಸೆರ್ವಾಕ್ಕೆ ಮೂರು ವರ್ಷ, ಗ್ರಾನ್ ರೆಸೆರ್ವಾಕ್ಕೆ ಐದು. ಏನೂ ಬರೆದಿಲ್ಲದಿದ್ದರೆ ಅಥವಾ ‘ಹೋವೆನ್’ ಎಂದಿದ್ದರೆ ಎಳೆಯದು; ಕೆಟ್ಟದ್ದೇನಲ್ಲ, ಹಣ್ಣಿನ ಘಮ ಹೆಚ್ಚು, ಒಗರು ಕಡಿಮೆ, ಅಣಬೆಗೂ ಆಲೂಗಡ್ಡೆಗೂ ಚೆನ್ನಾಗಿ ಹೊಂದುತ್ತದೆ. ಲೋಟದ ಲೆಕ್ಕದಲ್ಲಿ ರೆಸೆರ್ವಾಕ್ಕೆ ದುಡ್ಡು ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಕಟ್ಟೆಯ ಗದ್ದಲದಲ್ಲಿ, ತುಂಡು ಬ್ರೆಡ್ಡಿನ ಜೊತೆ, ಅದರ ಮಾತು ಕೇಳಿಸುವುದೇ ಇಲ್ಲ.

ಅಂಗಡಿಯಿಂದ ಬಾಟಲಿ ಕೊಂಡು ಕೊಠಡಿಗೆ ಒಯ್ಯುವವರು ರಿಯೊಹಾ, ರಿಬೇರಾ ದೆಲ್ ದುವೇರೊ ಎಂಬ ದೊಡ್ಡ ಹೆಸರುಗಳನ್ನು ಬಿಟ್ಟು ಕೆಳಗಿನ ಕಪಾಟು ನೋಡಬೇಕು. ಹುಮಿಯಾ ಮತ್ತು ಯೇಕ್ಲಾದ ಮೊನಸ್ತ್ರೆಲ್, ಕಲತಾಯೂದ್ ಮತ್ತು ಕಾಂಪೊ ದೆ ಬೋರ್ಹಾದ ಗರ್ನಾಚಾ, ಉತಿಯೆಲ್-ರೆಕೇನಾದ ಬೊಬಾಲ್, ಇವು ಆಯಾ ಊರಿನ ದ್ರಾಕ್ಷಿ ತಳಿಗಳ ವೈನುಗಳು. ಒಣ ಬಯಲಿನ ಹಳೆಯ ಬಳ್ಳಿಗಳು, ರೈತರ ಸಹಕಾರ ಸಂಘಗಳು ಮಾಡುವ ವೈನು, ಹೆಸರು ಗೊತ್ತಿಲ್ಲದ್ದರಿಂದ ಬೆಲೆ ಇಲ್ಲ: 5, 6 ಯೂರೊಗೆ ದೊಡ್ಡ ಹೆಸರುಗಳನ್ನು ನಾಚಿಸುವ ಬಾಟಲಿಗಳಿವೆ. ಆದರೆ ಉದ್ಯಾನದಲ್ಲೋ ಚೌಕದ ಮೆಟ್ಟಿಲ ಮೇಲೋ ಕೂತು ಅದನ್ನು ತೆರೆಯಬೇಡಿ. ಬಹಳ ನಗರಗಳಲ್ಲಿ ಬೀದಿಯಲ್ಲಿ ಮದ್ಯ ಕುಡಿದರೆ ದಂಡ.

ನೀರಿಗೆ ದುಡ್ಡು ಕೊಡಬೇಡಿ. 2022ರ ಕಾನೂನಿನ ಪ್ರಕಾರ ಬಾರ್, ರೆಸ್ಟೊರೆಂಟುಗಳು ಕೇಳಿದವರಿಗೆ ನಲ್ಲಿನೀರನ್ನು ಉಚಿತವಾಗಿ ಕೊಡಬೇಕು. ‘ಆಗುವಾ ದೆಲ್ ಗ್ರಿಫೊ’ ಎಂದು ಕೇಳಿ, ಇಲ್ಲದಿದ್ದರೆ ಬಾಟಲಿ ತಂದಿಡುತ್ತಾರೆ.

ಗಂಡ ಕಾಗದದಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡ ವಾಕ್ಯವನ್ನೂ ಕೊಟ್ಟುಬಿಡುತ್ತೇನೆ: ‘ನೊ ಕೋಮೊ ಕಾರ್ನೆ, ನಿ ಹಮೋನ್, ನಿ ಪೆಸ್ಕಾದೊ.’ ಮಾಂಸ ತಿನ್ನುವುದಿಲ್ಲ, ಹಮೋನ್ (ಉಪ್ಪು ಹಾಕಿ ಒಣಗಿಸಿದ ಹಂದಿತೊಡೆ) ತಿನ್ನುವುದಿಲ್ಲ, ಮೀನು ತಿನ್ನುವುದಿಲ್ಲ. ಹಮೋನನ್ನು ಬೇರೆಯಾಗಿ ಹೇಳಲೇಬೇಕು. ಎಷ್ಟೋ ಬಾರ್‌ಗಳಲ್ಲಿ ಅದನ್ನು ಮಾಂಸವೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ನಮ್ಮಲ್ಲಿ ಕೊತ್ತಂಬರಿ ಸೊಪ್ಪಿದ್ದಂತೆ. ಈ ಚೀಟಿ ತೋರಿಸಿದ ಮೇಲೂ ನಂಬಬಹುದಾದವು: ಪತಾತಾಸ್ ಬ್ರಾವಾಸ್ ಎಂಬ, ಖಾರದ ಸಾಸು ಸುರಿದ ಕರಿದ ಆಲೂಗಡ್ಡೆ, ಟೊಮೆಟೊ ಉಜ್ಜಿದ ಬ್ರೆಡ್ಡು, ಮೊಟ್ಟೆ ತಿನ್ನುವವರಿಗೆ ತೋರ್ತಿಯಾ, ಮತ್ತು ಪದ್ರೋನ್ ಮೆಣಸಿನಕಾಯಿ. ಬೆರಳುದ್ದದ ಈ ಮೆಣಸಿನಕಾಯಿಗಳನ್ನು ಎಣ್ಣೆಯಲ್ಲಿ ಹುರಿದು ಹರಳುಪ್ಪು ಉದುರಿಸುತ್ತಾರೆ. ಕೆಲವು ಖಾರ, ಕೆಲವು ಅಲ್ಲ ಎಂದು ಗಲೀಸಿಯಾದವರ ಗಾದೆಯೇ ಇದೆ. ಖಾರ ಬಿದ್ದಾಗ ಪಕ್ಕದ ಮೇಜಿನವರು ಕೆಮ್ಮಿ ಕೆಂಪಾದರು. ಬ್ಯಾಡಗಿಯವರ ಅಳಿಯ ಕಣ್ಣು ಮಿಟುಕಿಸಲಿಲ್ಲ.

ಮುಂದಿನ ಸಲ ಒಂದೇ ಊರಿಗೆ ಹೋಗುವಷ್ಟು ರಜೆ ಸಿಕ್ಕರೆ ನಾನು ಹೆರೆಸ್ ಎನ್ನುತ್ತೇನೆ. ಗಂಡನ ಮತ ಲೊಗ್ರೊನ್ಯೊಗೆ, ಕಾರಣ ಆ ಅಣಬೆ. ಬೆಳ್ಳುಳ್ಳಿ ಎಣ್ಣೆಯಲ್ಲಿ ಮುಳುಗಿ ಬೆಂದ ಮೂರು ಅಣಬೆಗಳನ್ನು ಒಂದರ ಮೇಲೊಂದು ಪೇರಿಸಿ, ಬ್ರೆಡ್ಡಿಗೆ ಕಡ್ಡಿಯಿಂದ ಚುಚ್ಚಿ, ತುದಿಗೆ ಒಂದು ಪುಟ್ಟ ಸಿಗಡಿ ಸಿಕ್ಕಿಸುತ್ತಾರೆ. ಗಂಡ ಚೀಟಿ ತೋರಿಸಿ ‘ಸಿನ್ ಗಾಂಬಾ’, ಸಿಗಡಿ ಬೇಡ ಎಂದರು. ಕಟ್ಟೆಯ ಹಿಂದಿದ್ದ ಅಜ್ಜ ಚೀಟಿಯನ್ನು ಓದಿ, ಅವರನ್ನು ನೋಡಿ, ಆಮೇಲೆ ನನ್ನನ್ನು ನೋಡಿ, ನನ್ನ ಪಿಂಚೊದ ಮೇಲೆ ಎರಡು ಸಿಗಡಿ ಇಟ್ಟುಕೊಟ್ಟ.